ಮೂತಿಹುಳು, ದುಂಬಿಗಳ ಸಮೀಕ್ಷೆ: ನಿಮ್ಮ ಊರಿಗೆ ಯಾವ ವಿಧಾನ?

ಒಂದೇ ಕಾನು (ಮಲೆನಾಡಿನ ನಿತ್ಯಹಸಿರು ಕಾಡು), ಒಂದೇ ವಾರ. ಒಬ್ಬರು ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚುತ್ತಾರೆ. ಇನ್ನೊಬ್ಬರು ಹಗಲಲ್ಲಿ ಕೊಂಬೆ ಬಡಿಯುತ್ತಾರೆ. ಮತ್ತೊಬ್ಬರು ನೆಲದ ದರಕನ್ನು, ಅಂದರೆ ಉದುರಿದ ಒಣಎಲೆಯನ್ನು, ಜರಡಿ ಹಿಡಿಯುತ್ತಾರೆ. ಮೂವರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೂರು ಬೇರೆ ಕಾಡುಗಳ ಪಟ್ಟಿಯೇನೋ ಅನ್ನಿಸುತ್ತದೆ. ಎರಡು ಪಟ್ಟಿಯಲ್ಲೂ ಇರುವ ಹೆಸರುಗಳು ಕೆಲವೇ ಕೆಲವು.

ದುಂಬಿಗಳ (ಬೀಟಲ್, ಅಂದರೆ ಗಟ್ಟಿ ರೆಕ್ಕೆಯ ಹುಳುಗಳ) ಸಮೀಕ್ಷೆಗೆ ಹೊರಡುವವರು ಮೊದಲು ತಿಳಿದಿರಬೇಕಾದ ಮಾತು ಇದು. ಜಗತ್ತಿನಲ್ಲಿ ಹೆಸರು ಪಡೆದ ದುಂಬಿಗಳೇ ಸುಮಾರು 4 ಲಕ್ಷ ಜಾತಿ. ಅದರಲ್ಲಿ ಮೂತಿಹುಳುಗಳ (ವೀವಿಲ್, ಮುಖ ಮೂತಿಯಂತೆ ಮುಂದೆ ಚಾಚಿದ ದುಂಬಿ) ಗುಂಪು ಒಂದರಲ್ಲೇ 60 ಸಾವಿರದಷ್ಟು ಜಾತಿಗಳಿವೆ. ಇಷ್ಟನ್ನೂ ಹಿಡಿಯುವ ಒಂದು ಬಲೆ ಯಾರ ಬಳಿಯೂ ಇಲ್ಲ. ನೀವು ಆರಿಸುವ ವಿಧಾನವೇ ನಿಮಗೆ ಏನು ಸಿಗಬೇಕು, ಏನು ಸಿಗಬಾರದು ಎಂದು ಮೊದಲೇ ತೀರ್ಮಾನಿಸಿಬಿಡುತ್ತದೆ. ಹಾಗಾಗಿ ಸಾಮಾನು ಕೊಳ್ಳುವ ಮುಂಚೆ ಯೋಚಿಸುವುದು ಒಳ್ಳೆಯದು.

ಇದನ್ನು ಮಲೆನಾಡು, ಅದರ ಅಂಚಿನ ಬಯಲು ಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಂದು ಹೋಬಳಿಯನ್ನೋ ಒಂದು ಬೆಟ್ಟವನ್ನೋ ಆರಿಸಿಕೊಂಡು ಎರಡು ಮೂರು ವರ್ಷ ಕೆಲಸ ಮಾಡಬೇಕೆಂದಿರುವ ವಿದ್ಯಾರ್ಥಿಗಳು, ಮೇಷ್ಟ್ರುಗಳು, ತೋಟದವರಿಗೆ ಇದು ಉಪಯೋಗಕ್ಕೆ ಬರಬಹುದು.

ಯಾವ ಪ್ರಶ್ನೆ ನಿಮ್ಮದು?

"ನಮ್ಮೂರಲ್ಲಿ ಏನೇನಿದೆ?" ಎಂಬುದು ಒಂದು ಪ್ರಶ್ನೆ. "ಕಾನಿನಲ್ಲಿ ಇರುವುದು ತೋಟದಲ್ಲೂ ಇದೆಯಾ?" ಎಂಬುದು ಇನ್ನೊಂದು. "ಈ ಹುಳು ಯಾವ ಗಿಡ ತಿಂದು ಬದುಕುತ್ತದೆ?" ಎಂಬುದು ಮೂರನೆಯದು. ಮೊದಲನೆಯದಕ್ಕೆ ನಾಲ್ಕಾರು ವಿಧಾನ ಕಲಸಿ ಬಳಸಬಹುದು. ಸಿಕ್ಕಿದ್ದೆಲ್ಲ ಲಾಭವೇ. ಎರಡನೆಯದಕ್ಕೆ ಹಾಗಲ್ಲ. ಒಂದೇ ವಿಧಾನ, ಒಂದೇ ಪ್ರಮಾಣದ ಶ್ರಮ, ಎರಡೂ ಜಾಗದಲ್ಲಿ ಆಗಬೇಕು. ಕಾನಿನಲ್ಲಿ ದೀಪ, ತೋಟದಲ್ಲಿ ಬಡಿತ ಮಾಡಿ ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ. ಮೂರನೆಯ ಪ್ರಶ್ನೆಗೆ ಬಲೆಗಳಿಂದ ಹೆಚ್ಚು ಪ್ರಯೋಜನವಿಲ್ಲ. ಅದಕ್ಕೆ ಕಾಯಿ, ಬೀಜ, ಕೊಂಬೆಗಳನ್ನು ತಂದು ಒಳಗಿನ ಮರಿಹುಳುವನ್ನು ಸಾಕಬೇಕು.

ನನಗೆ ಮೂರನೆಯ ಪ್ರಶ್ನೆಯೇ ಜಾಸ್ತಿ ಇಷ್ಟ. ಮೂತಿಹುಳುಗಳ ಬದುಕು ನಿಂತಿರುವುದೇ ಗಿಡದ ಮೇಲೆ. ಉದ್ದ ಮೂತಿಯ ಜಾತಿಗಳಲ್ಲಿ ಹೆಣ್ಣು ಆ ಮೂತಿಯಿಂದಲೇ ಕಾಯಿಗೋ ಮೊಗ್ಗಿಗೋ ತೂತು ಕೊರೆದು ಮೊಟ್ಟೆ ಇಡುತ್ತದೆ. ಕಾಲಿಲ್ಲದ ಮರಿಹುಳು ಒಳಗೇ ಬೆಳೆಯುತ್ತದೆ. ಎಷ್ಟೋ ಜಾತಿಗಳಿಗೆ ಒಂದೇ ಗಿಡ, ಇಲ್ಲವೇ ಒಂದೇ ಕುಟುಂಬದ ನಾಲ್ಕು ಗಿಡ ಸಾಕು. ಗಿಡದ ಹೆಸರು ಬರೆಯದ ಮೂತಿಹುಳು ಸಮೀಕ್ಷೆ ಅರ್ಧ ಕಳೆದುಹೋದ ಹಾಗೆ ಎಂದು ನಾನು ನಂಬಿದ್ದೇನೆ. ಮುಂದೆ ಹೇಳುವ ಹೋಲಿಕೆಯಲ್ಲಿ ಈ ಒಲವು ಕಾಣಿಸುತ್ತದೆ.

ಕೊಂಬೆ ಬಡಿಯುವುದು

ಒಂದು ಮೀಟರ್ ಚೌಕದ ಬಿಳಿ ಬಟ್ಟೆ. ಅದನ್ನು ಬಿಗಿಯಾಗಿ ಹಿಡಿಯಲು ಅಡ್ಡಡ್ಡ ಕಟ್ಟಿದ ಎರಡು ಕೋಲು. ಬಡಿಯಲು ಇನ್ನೊಂದು ಕೋಲು. ಇಷ್ಟೇ ಸಾಮಾನು. ತಿಳಿ ಬಣ್ಣದ ಹಳೆ ಛತ್ರಿ ತಲೆಕೆಳಗಾಗಿ ಹಿಡಿದರೂ ನಡೆಯುತ್ತದೆ. ಕೊಂಬೆಯ ಕೆಳಗೆ ಬಟ್ಟೆ ಒಡ್ಡಿ, ಕೊಂಬೆಗೆ ಎರಡು ಮೂರು ಗಟ್ಟಿ ಏಟು ಕೊಟ್ಟರೆ ಹುಳುಗಳು ಉದುರುತ್ತವೆ.

ಮೂತಿಹುಳುಗಳಿಗೆ ಈ ವಿಧಾನ ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಕಾರಣವಿದೆ. ಹೆದರಿದಾಗ ಅವು ಹಾರುವುದಕ್ಕಿಂತ ಹೆಚ್ಚಾಗಿ ಕಾಲು ಮಡಚಿ, ಸತ್ತಂತೆ ಬಿದ್ದುಬಿಡುತ್ತವೆ. ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಅಲ್ಲಾಡುವುದೂ ಇಲ್ಲ. ಹೊಸಬರು ಅದನ್ನು ಬೀಜವೋ ಕಸವೋ ಎಂದು ಕೊಡವಿಬಿಡುತ್ತಾರೆ. ಹಾಗೆ ಮಾಡಬೇಡಿ. ಬಟ್ಟೆ ಹಿಡಿದು ನಿಧಾನಕ್ಕೆ ಕಾಯಿರಿ. ಕಸ ನಡೆಯಲು ಶುರುಮಾಡುತ್ತದೆ. ಬೆಳಗಿನ ತಂಪಿನಲ್ಲಿ ಹೋದರೆ ಇನ್ನೂ ಒಳ್ಳೆಯದು, ಹೊತ್ತೇರಿದ ಮೇಲೆ ಹುಳುಗಳು ಚುರುಕಾಗಿ ಹಾರಿಹೋಗುತ್ತವೆ.

ಇದರ ದೊಡ್ಡ ಲಾಭ ಅಂದರೆ ಯಾವ ಗಿಡದಿಂದ ಬಿತ್ತು ಎನ್ನುವುದು ನಿಮಗೆ ಗೊತ್ತಿರುತ್ತದೆ. ಆದರೆ ಆ ಗಿಡದ ಮೇಲೆ ಸಿಕ್ಕಿತು ಎಂದಮಾತ್ರಕ್ಕೆ ಅದನ್ನೇ ತಿನ್ನುತ್ತದೆ ಎಂದರ್ಥವಲ್ಲ. ಸುಮ್ನೆ ಕೂತಿರಲೂಬಹುದು. ಒಂದೇ ಜಾತಿಯ ಗಿಡದಲ್ಲಿ, ಬೇರೆ ಬೇರೆ ಜಾಗದಲ್ಲಿ, ಮತ್ತೆ ಮತ್ತೆ ಸಿಕ್ಕರೆ ಆಗ ಸಂಬಂಧ ಇದೆ ಎನ್ನಬಹುದು.

ಕೊರತೆಯೂ ಇದೆ. ಕೈಗೆಟುಕುವ ಎತ್ತರದವರೆಗೆ ಮಾತ್ರ ಇದು ನಡೆಯುತ್ತದೆ. ಮರದ ನೆತ್ತಿಯಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಎಲೆ ಒದ್ದೆಯಾಗಿದ್ದರೆ ಬಟ್ಟೆಯೂ ಒದ್ದೆಯಾಗಿ ಸಣ್ಣ ಹುಳುಗಳು ಅಂಟಿಕೊಳ್ಳುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಆಗುಂಬೆಯಂಥ ಕಡೆ ಇದು ಆಗದ ಕೆಲಸ. ಜೊತೆಗೆ ಬಡಿಯುವವರ ಕೈ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಅದಕ್ಕೇ ಪ್ರತಿ ಜಾಗದಲ್ಲೂ ಇಷ್ಟೇ ಗಿಡ, ಗಿಡಕ್ಕೆ ಇಷ್ಟೇ ಏಟು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮೂವತ್ತು ಗಿಡ, ಗಿಡಕ್ಕೆ ಒಂದು ಕೊಂಬೆ ಎಂದರೆ ಒಂದು ಬೆಳಿಗ್ಗೆಗೆ ಸರಿಹೋಗುತ್ತದೆ.

ಹುಲ್ಲು, ಕಳೆ, ಗದ್ದೆ ಬದು, ರಾಗಿ ಹೊಲಗಳಲ್ಲಿ ಬಡಿಯಲು ಕೊಂಬೆಯೇ ಇರುವುದಿಲ್ಲ. ಅಲ್ಲಿ ಗಟ್ಟಿ ಬಟ್ಟೆಯ ಬೀಸುಬಲೆ ಬಳಸಿ. ಲೆಕ್ಕ ಗಿಡಗಳ ಬದಲು ಬೀಸುಗಳಲ್ಲಿ ಇರಲಿ. ಮುಳ್ಳು ಪೊದೆಯಿದ್ದರೆ ಬಲೆ ಹರಿಯುತ್ತದೆ, ಅಲ್ಲಿ ಮತ್ತೆ ಕೋಲು, ಬಟ್ಟೆಯೇ ಗತಿ.

ದೀಪ

ದೀಪದ ಬಲೆಯ ಆಕರ್ಷಣೆ ನನಗೂ ಗೊತ್ತು. ಮೇ ತಿಂಗಳ ಮೊದಲ ಮಳೆ ಬಿದ್ದ ಸಂಜೆ ಬಿಳಿ ಬಟ್ಟೆಯ ಮುಂದೆ ಪಾದರಸದ ದೀಪವನ್ನೋ ನೇರಳಾತೀತ ಟ್ಯೂಬನ್ನೋ ಹಚ್ಚಿದರೆ ಸಾಕು. ಗೊಣ್ಣೆ ಹುಳುವಿನ ದುಂಬಿಗಳು, ಕುರುವಾಯಿ ದುಂಬಿ, ಉದ್ದ ಮೀಸೆಯ ಕಾಂಡಕೊರಕಗಳು, ನೀರು ದುಂಬಿಗಳು ಎಲ್ಲ ಬರುತ್ತವೆ. ಒಂದೇ ರಾತ್ರಿಯಲ್ಲಿ ನೂರಾರು ಹುಳು. ಹೊಸಬರಿಗೆ, ಮಕ್ಕಳಿಗೆ ದುಂಬಿಗಳ ಪರಿಚಯ ಮಾಡಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ಮೂತಿಹುಳು ಬೇಕಿದ್ದರೆ ದೀಪವನ್ನು ನೆಚ್ಚಿಕೊಳ್ಳಬೇಡಿ. ಕೆಲವು ಬರುತ್ತವೆ, ಬಹುಪಾಲು ಬರುವುದಿಲ್ಲ. ಹಗಲು ಚುರುಕಾಗಿರುವ ಯಾವ ದುಂಬಿಯೂ ದೀಪಕ್ಕೆ ಸಿಗುವುದು ಕಷ್ಟ. ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕವನ್ನೇ ನೋಡಿ. ಅದು ಬಿಸಿಲಿನಲ್ಲಿ ಕಾಂಡದ ಮೇಲೆ ಓಡಾಡಿ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುವ ಹುಳು. ಅದನ್ನು ಕಾಣಬೇಕೆಂದರೆ ಹಗಲಲ್ಲಿ ಗಿಡದ ಬುಡದಲ್ಲಿ ನಿಲ್ಲಬೇಕು.

ಇನ್ನೊಂದು ತೊಂದರೆ ನೆಲೆಯದ್ದು. ದೀಪಕ್ಕೆ ಬಂದ ದುಂಬಿ ಎಲ್ಲಿಂದ ಬಂತು? ಕಾನಿನಿಂದಲೋ, ಪಕ್ಕದ ತೋಟದಿಂದಲೋ, ಕೆಳಗಿನ ಗದ್ದೆಯಿಂದಲೋ? ಹೇಳಲು ಆಗುವುದಿಲ್ಲ. ಮಲೆನಾಡಿನಲ್ಲಿ ಇವೆಲ್ಲ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ ಅಲ್ವಾ? ಹಾಗಾಗಿ ನೆಲೆಗಳ ಹೋಲಿಕೆಗೆ ದೀಪ ಸರಿಯಾದ ಸಾಧನವಲ್ಲ. ಬೆಳದಿಂಗಳ ರಾತ್ರಿ ಬರುವ ಹುಳುಗಳೂ ಕಡಿಮೆ. ವರ್ಷದಿಂದ ವರ್ಷಕ್ಕೆ ಹೋಲಿಸುವುದಿದ್ದರೆ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳನ್ನೇ ಆರಿಸಿಕೊಳ್ಳಿ.

ಗೊಣ್ಣೆ ಹುಳುವಿನ ಸಮೀಕ್ಷೆಗೆ ದೀಪಕ್ಕಿಂತ ಸುಲಭದ ದಾರಿಯೂ ಇದೆ. ಬಯಲು ಸೀಮೆಯಲ್ಲಿ ಮೊದಲ ಮಳೆಯ ನಂತರ ಸಂಜೆಗತ್ತಲಲ್ಲಿ ದುಂಬಿಗಳು ನೆಲದಿಂದ ಎದ್ದು ಬೇವಿನ ಮರಕ್ಕೆ ಮುತ್ತುತ್ತವೆ. ಮರದ ಕೆಳಗೆ ಟಾರ್ಪಾಲು ಹಾಸಿ ಕೊಂಬೆ ಅಲ್ಲಾಡಿಸಿದರೆ ಆಯಿತು. ಅಡಿಕೆ ತೋಟದ ಬೇರುಹುಳದ ದುಂಬಿಯೂ ಮೇ-ಜೂನ್‌ನ ಮಳೆಗೆ ಮುಸ್ಸಂಜೆಯಲ್ಲೇ ಹೊರಬರುತ್ತದೆ.

ನೆಲ: ಗುಂಡಿ ಬಲೆ ಮತ್ತು ದರಕು

ನೆಲದ ದುಂಬಿಗಳಿಗೆ ಎರಡು ದಾರಿ. ಒಂದು, ಪ್ಲಾಸ್ಟಿಕ್ ಲೋಟವನ್ನು ಬಾಯಿ ನೆಲಮಟ್ಟಕ್ಕೆ ಸರಿಯಾಗಿ ಬರುವಂತೆ ಹೂಳುವುದು. ಓಡಾಡುವ ಹುಳು ಅದಕ್ಕೆ ಬೀಳುತ್ತದೆ. ತಳದಲ್ಲಿ ಉಪ್ಪು ನೀರು, ಎರಡು ಹನಿ ಸೋಪು. ಮೇಲೆ ಮಳೆ ಬೀಳದಂತೆ ನಾಲ್ಕು ಕಡ್ಡಿಗಳ ಮೇಲೊಂದು ಹಾಳೆ ಮುಚ್ಚಿಗೆ. ಅಡಿಕೆ ಹಾಳೆಯಾದರೂ ಆದೀತು.

ಗುಂಡಿ ಬಲೆಯ ದೊಡ್ಡ ಗುಣ ಏನೆಂದರೆ ನೀವು ಮಲಗಿದ್ದಾಗಲೂ ಅದು ಕೆಲಸ ಮಾಡುತ್ತದೆ. ಹಿಡಿಯುವವರ ಕೈಚಳಕವೂ ಬೇಕಿಲ್ಲ. ಹಾಗಾಗಿ ಎರಡು ಜಾಗಗಳನ್ನು ಹೋಲಿಸಲು ಒಳ್ಳೆಯದು. ಆದರೆ ಲೋಟಕ್ಕೆ ಬಿದ್ದ ಸಂಖ್ಯೆ ಅಲ್ಲಿ ಎಷ್ಟು ಹುಳುಗಳಿವೆ ಎಂದು ಹೇಳುವುದಿಲ್ಲ. ಎಷ್ಟು ಓಡಾಡಿದವು ಎಂದಷ್ಟೇ ಹೇಳುತ್ತದೆ. ಚುರುಕಾದ ದೊಡ್ಡ ದುಂಬಿ ಜಾಸ್ತಿ ಬೀಳುತ್ತದೆ. ನಿಧಾನಕ್ಕೆ ತೆವಳುವ ಸಣ್ಣದು ಬೀಳುವುದೇ ಇಲ್ಲ. ದಪ್ಪ ಹುಲ್ಲಿನಲ್ಲಿ ಓಡಾಟ ಕಷ್ಟವಾದ್ದರಿಂದ ಅಲ್ಲಿ ಸಂಖ್ಯೆ ಕಡಿಮೆ ತೋರುತ್ತದೆ. ಬೋಳು ನೆಲದಲ್ಲಿ ಹೆಚ್ಚು. ಇದನ್ನು ಮರೆತರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಅದೇ ಲೋಟದ ಮೇಲೆ ಸಗಣಿಯ ಉಂಡೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತೂಗಿಬಿಟ್ಟರೆ ಸಗಣಿ ದುಂಬಿಗಳ ಬಲೆಯಾಗುತ್ತದೆ. ಬಲೆಯಿಂದ ಬಲೆಗೆ ಕನಿಷ್ಠ 50 ಮೀಟರ್ ಅಂತರ ಇರಲಿ, ಇಲ್ಲದಿದ್ದರೆ ಒಂದರ ವಾಸನೆ ಇನ್ನೊಂದರ ಹುಳುವನ್ನು ಎಳೆಯುತ್ತದೆ. ಕಾಡಿನ ಆರೋಗ್ಯ ಅಳೆಯಲು ಒಂದೇ ಗುಂಪು ಆರಿಸಿಕೊಳ್ಳಿ ಎಂದರೆ ನಾನು ಸಗಣಿ ದುಂಬಿಯನ್ನೇ ಹೇಳುತ್ತೇನೆ. ಒಂದೆರಡು ದಿನದಲ್ಲಿ ಬೇಕಾದಷ್ಟು ಸಿಗುತ್ತವೆ. ಕಾಡು ಬೋಳಾದಂತೆ ಜಾತಿಗಳು ಬದಲಾಗುತ್ತವೆ. ಗುರುತಿಸಲು 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಪುಸ್ತಕ ಸರಣಿಗೆ ಗಿಲ್ಬರ್ಟ್ ಆರೋ 1931ರಲ್ಲಿ ಬರೆದ ಸಂಪುಟ ಈಗಲೂ ಆಧಾರ. ಮೂತಿಹುಳುಗಳಿಗೆ ಆ ಭಾಗ್ಯ ಅರ್ಧ ಮಾತ್ರ ಸಿಕ್ಕಿದೆ. ಅದೇ ಸರಣಿಯಲ್ಲಿ ಗೈ ಮಾರ್ಷಲ್ 1916ರಲ್ಲಿ ತಂದ ಸಂಪುಟ ಭಾರತದ ಮೂತಿಹುಳುಗಳ ಒಂದು ಭಾಗವನ್ನಷ್ಟೇ ಒಳಗೊಂಡಿದೆ. ಗುಂಪು ಆರಿಸುವಾಗ ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಹಿಡಿಯುವುದು ಒಂದು ಬೆಳಗಿನ ಕೆಲಸ, ಹೆಸರು ಹಚ್ಚುವುದು ವರ್ಷಗಳ ಕೆಲಸ.

ನೆಲದ ಎರಡನೆಯ ದಾರಿ ದರಕು ಜರಡಿ. ನನ್ನ ಲೆಕ್ಕದಲ್ಲಿ ಇದನ್ನು ಜನ ತೀರಾ ಕಡೆಗಣಿಸಿದ್ದಾರೆ. ಒಂದು ಚದರ ಮೀಟರ್ ಜಾಗದ ಒಣಎಲೆ, ಕೊಳೆತ ಪುಡಿ, ಮೇಲಿನ ಸಡಿಲ ಮಣ್ಣನ್ನು ಬೆರಳು ತೂರುವಷ್ಟು ಕಣ್ಣಿನ ಜರಡಿಯಲ್ಲಿ ಆಡಿಸಬೇಕು. ಕೆಳಗೆ ಬಿದ್ದ ಪುಡಿಯನ್ನು ಜಾಲರಿ ಚೀಲಕ್ಕೆ ತುಂಬಿ, ಆ ಚೀಲವನ್ನು ದೊಡ್ಡ ಬಟ್ಟೆ ಚೀಲದೊಳಗೆ ತೂಗಿಬಿಡಬೇಕು. ಪುಡಿ ಒಣಗುತ್ತಾ ಬಂದಂತೆ ಹುಳುಗಳು ಹೊರಗೆ ಬಂದು ಕೆಳಗಿನ ಮದ್ಯಸಾರದ ಡಬ್ಬಿಗೆ ಬೀಳುತ್ತವೆ. ಎರಡು ಮೂರು ದಿನ ಬೇಕು. ಕರೆಂಟು ಬೇಡ. ಆತುರವಿದ್ದರೆ ದೊಡ್ಡ ಆಲಿಕೆಯ ಮೇಲೆ ಪುಡಿ ಹಾಕಿ, ಮೇಲೊಂದು ಬಲ್ಬು ಉರಿಸುವ ವಿಧಾನವೂ ಇದೆ.

ಇದರಲ್ಲಿ ಸಿಗುವುದು ಬೇರೆ ಯಾವ ವಿಧಾನಕ್ಕೂ ಸಿಗದ ಜೀವಿಗಳು. ಎರಡು ಮೂರು ಮಿಲಿಮೀಟರಿನ, ಮೈ ತುಂಬ ಮಣ್ಣು ಮೆತ್ತಿಕೊಂಡ ಮೂತಿಹುಳುಗಳು. ಇವುಗಳಲ್ಲಿ ಎಷ್ಟೋ ಜಾತಿಗಳಿಗೆ ಹಾರುವ ರೆಕ್ಕೆಯೇ ಇಲ್ಲ. ಹಾರಲಾರದ ಹುಳು ಒಂದು ಶೋಲಾದಿಂದ (ಎತ್ತರದ ಬೆಟ್ಟದ ಕಣಿವೆಯ ಕಾಡಿನಿಂದ) ಹುಲ್ಲುಗಾವಲು ದಾಟಿ ಇನ್ನೊಂದು ಶೋಲಾಕ್ಕೆ ಹೋಗುವುದು ಕಷ್ಟ. ಹಾಗಾಗಿ ಒಂದು ಬೆಟ್ಟದಲ್ಲಿ ಇರುವುದು ಪಕ್ಕದ ಬೆಟ್ಟದಲ್ಲಿ ಇಲ್ಲದಿರಬಹುದು. ಕುದುರೆಮುಖ, ಬಾಬಾಬುಡನ್‌ಗಿರಿಯಂಥ ಎತ್ತರದ ಜಾಗಗಳಲ್ಲಿ, ಕೊಡಗಿನ ದೇವರಕಾಡುಗಳಲ್ಲಿ, ಶಿರಸಿ-ಸಾಗರ ಕಡೆಯ ಕಾನುಗಳಲ್ಲಿ ಮೊದಲು ನೋಡಬೇಕಾದ್ದು ಈ ದರಕಿನ ಪದರವನ್ನೇ. ಮರಗಳು ಹಾಗೇ ಇದ್ದರೂ, ತೋಟದ ಗೊಬ್ಬರಕ್ಕೆಂದು ವರ್ಷ ವರ್ಷ ದರಕು ಗುಡಿಸಿದ ಸೊಪ್ಪಿನ ಬೆಟ್ಟದಲ್ಲಿ ನೆಲದ ಮೂತಿಹುಳುಗಳು ಏನಾಗುತ್ತವೆ? ಒಂದು ಗುಡಿಸಿದ ಬೆಟ್ಟ, ಒಂದು ಗುಡಿಸದ ಕಾನು, ಎರಡರಲ್ಲೂ ಇಪ್ಪತ್ತು ಇಪ್ಪತ್ತು ಚದರ ಮೀಟರ್ ಜರಡಿ ಹಿಡಿದರೆ ಉತ್ತರ ಸಿಗಲು ಶುರುವಾಗುತ್ತದೆ. ಯಾರಾದರೂ ಇದನ್ನು ಮಾಡಲಿ ಎಂದು ನನಗೆ ತುಂಬಾ ಆಸೆ.

ಸಾಕಿ ನೋಡುವುದು

ಮಾವಿನ ಓಟೆಯ ಮೂತಿಹುಳುವನ್ನು ಯಾವ ಬಲೆಯಿಂದ ಹುಡುಕುತ್ತೀರಿ? ಅದರ ಮರಿಹುಳು ಓಟೆಯೊಳಗೆ ಬೆಳೆಯುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ಹೊರಬಂದ ದುಂಬಿ ತೊಗಟೆಯ ಬಿರುಕಿನಲ್ಲಿ ಅಡಗಿ, ಮುಂದಿನ ಹೂವಿನ ಕಾಲದವರೆಗೆ ಅಲ್ಲಾಡದೆ ಕೂರುತ್ತದೆ. ಓಟೆ ಒಡೆದು ನೋಡುವುದೊಂದೇ ಸರಿಯಾದ ಸಮೀಕ್ಷೆ.

ಕಾಡಿನ ಕಾಯಿ, ಬೀಜ, ಗಂಟುಗಳಿಗೂ ಇದೇ ಮಾತು. ಬಿದ್ದ ಕಾಯಿಗಳನ್ನು ಜಾತಿವಾರು ಆರಿಸಿ, ತಳಕ್ಕೆ ಸ್ವಲ್ಪ ಮರಳು ಹಾಕಿದ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ದಿನಾಂಕ ಬರೆದಿಡಿ. ಬೂಷ್ಟು ಹಿಡಿಯದಂತೆ ನೋಡಿಕೊಳ್ಳಿ. ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಹುಳು ಹೊರಬರುತ್ತದೆ. ನಿಧಾನದ ಕೆಲಸ ನಿಜ. ಎಷ್ಟೋ ಡಬ್ಬಿಗಳಲ್ಲಿ ಏನೂ ಬರುವುದಿಲ್ಲ, ಕೆಲವದರಲ್ಲಿ ಮೂತಿಹುಳುವಿನ ಬದಲು ಅದನ್ನು ತಿಂದ ಕಣಜ ಬರುತ್ತದೆ. ಅದನ್ನೂ ಬರೆದಿಡಿ. ಈ ವಿಧಾನ ಕೊಡುವ ಒಂದು ದಾಖಲೆ ದೀಪದ ನೂರು ದಾಖಲೆಗಿಂತ ಮೇಲು. ಯಾಕೆಂದರೆ ಹುಳು ಯಾವ ಗಿಡದ ಯಾವ ಭಾಗ ತಿಂದು ಬೆಳೆಯಿತು ಎನ್ನುವುದರಲ್ಲಿ ಅನುಮಾನವೇ ಉಳಿಯುವುದಿಲ್ಲ.

ಆಮಿಷದ ಬಲೆ ಯಾರಿಗೆ?

ತೆಂಗಿನ ಕೆಂಪು ಮೂತಿಹುಳು, ಕುರುವಾಯಿ ದುಂಬಿಗಳಿಗೆ ಮೋಹಕ ಬಲೆ ಅಂಗಡಿಯಲ್ಲೇ ಸಿಗುತ್ತದೆ. ಒಂದೊಂದು ಲೂರ್ (ಬಲೆಯೊಳಗಿಡುವ ವಾಸನೆಯ ಆಮಿಷ) ಒಂದೊಂದು ಜಾತಿಗೆಂದೇ ಮಾಡಿದ್ದು. ಆ ಹುಳು ನಿಮ್ಮ ಸೀಮೆಯಲ್ಲಿ ಇದೆಯಾ, ಯಾವ ತಿಂಗಳು ಜಾಸ್ತಿ ಎಂದು ತಿಳಿಯಲು ಬಹಳ ಒಳ್ಳೆಯದು. ವೈವಿಧ್ಯದ ಸಮೀಕ್ಷೆಗೆ ಪ್ರಯೋಜನವಿಲ್ಲ. ಬಾಳೆ ತೋಟದಲ್ಲಿ ಇದಕ್ಕೂ ಖರ್ಚು ಬೇಡ. ಗೊನೆ ಕಡಿದ ಬಾಳೆಯ ದಿಂಡನ್ನು ಉದ್ದಕ್ಕೆ ಸೀಳಿ, ಸೀಳಿದ ಮೈ ಕೆಳಗೆ ಮಾಡಿ ಬುಡದಲ್ಲಿಟ್ಟರೆ ಬಾಳೆಯ ಮೂತಿಹುಳುಗಳು ಅದರಡಿ ಸೇರುತ್ತವೆ.

ಕಾಫಿ ತೋಟದವರಿಗೆ ಒಂದು ಮಾತು. ಕಾಫಿ ಹಣ್ಣು ಕೊರಕವೂ ಮೂತಿಹುಳುಗಳ ಕುಟುಂಬಕ್ಕೇ ಸೇರಿದ್ದು, ಮೂತಿ ಮಾತ್ರ ಉದ್ದವಿಲ್ಲ. ಅದು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅದರ ಹೆಣ್ಣುಗಳು ಮದ್ಯಸಾರದ ಆಮಿಷದ ಬಲೆಗೆ ಬರುತ್ತವೆ. ಗಂಡುಗಳು ಹಾರುವುದಿಲ್ಲ, ಹಣ್ಣಿನೊಳಗೇ ಉಳಿಯುತ್ತವೆ. ಹಾಗಾಗಿ ಬಲೆಯ ಲೆಕ್ಕದ ಜೊತೆ ಹಣ್ಣು ಒಡೆದು ನೋಡುವ ಲೆಕ್ಕವೂ ಬೇಕು. ಮದ್ಯಸಾರದ ಬಲೆಗೆ ಸತ್ತ ಮರ ಕೊರೆಯುವ ಅದರ ನೆಂಟ ಜಾತಿಗಳೂ ಬೀಳುತ್ತವೆ. ಅವನ್ನು ಬಿಸಾಡಬೇಡಿ.

ಮರದ ನೆತ್ತಿಗೆ ಔಷಧದ ಹೊಗೆ ಹಾಕಿ ಉದುರಿಸುವ ವಿಧಾನದ ಬಗ್ಗೆ ಕೆಲವರು ಕೇಳುತ್ತಾರೆ. ಅಮೆರಿಕದ ಕೀಟತಜ್ಞ ಟೆರಿ ಎರ್ವಿನ್ ಪನಾಮಾದಲ್ಲಿ ಒಂದೇ ಜಾತಿಯ 19 ಮರಗಳಿಂದ ಸಿಕ್ಕ ದುಂಬಿಗಳ ಮೇಲೆ ಲೆಕ್ಕ ಹಾಕಿ, ಉಷ್ಣವಲಯದಲ್ಲಿ 3 ಕೋಟಿ ಜಾತಿಯ ಕೀಟ ಮತ್ತು ಅವುಗಳ ಬಂಧುಗಳು ಇರಬಹುದು ಎಂದು 1982ರಲ್ಲಿ ಬರೆದದ್ದು ಈ ದಾರಿಯಿಂದಲೇ. ಆಮೇಲಿನವರು ಆ ಸಂಖ್ಯೆಯನ್ನು ತುಂಬಾ ಇಳಿಸಿದ್ದಾರೆ. ಅದು ಸಂಸ್ಥೆಗಳ ಕೆಲಸ, ಹೋಬಳಿ ಸಮೀಕ್ಷೆಗಲ್ಲ.

ಕೆರೆಯನ್ನು ಮರೆಯಬೇಡಿ

ಬೆಂಗಳೂರು, ಮೈಸೂರಿನಂಥ ಕಡೆ ಇರುವವರಿಗೆ ಕಾನಿಲ್ಲದಿದ್ದರೂ ಕೆರೆ ಇದೆ. ಅಂತರಗಂಗೆಯ (ವಾಟರ್ ಹಯಸಿಂತ್) ಕಳೆ ತಿನ್ನುವ ಎರಡು ಜಾತಿಯ ಮೂತಿಹುಳುಗಳನ್ನು 1980ರ ದಶಕದ ಆರಂಭದಲ್ಲಿ ಹೊರದೇಶದಿಂದ ಬೆಂಗಳೂರಿಗೆ ತಂದು ಕೆರೆಗಳಿಗೆ ಬಿಡಲಾಯಿತು. ಇವನ್ನು ಸಮೀಕ್ಷೆ ಮಾಡಲು ಬಲೆ ಬೇಡ. ಎಲೆಯ ಮೇಲೆ ಕೆರೆದು ತಿಂದ ಸಣ್ಣ ಸಣ್ಣ ಮಾಸಲು ಗುರುತುಗಳನ್ನು ಎಣಿಸಿ. ಹಗಲಲ್ಲಿ ಹುಳು ಎಲೆಯ ಬುಡದ ಸಂದಿಯಲ್ಲಿ ಅಡಗಿರುತ್ತದೆ. ಪಾರ್ಥೇನಿಯಂ ತಿನ್ನುವ ಮೆಕ್ಸಿಕನ್ ದುಂಬಿಯನ್ನು ತಂದದ್ದೂ ಆ ಕಾಲದಲ್ಲೇ, ಬೆಂಗಳೂರಿಗೇ. ಅದು ಈಗ ನಿಮ್ಮ ತಾಲ್ಲೂಕಿನಲ್ಲಿ ಯಾವ ತಿಂಗಳು ಕಾಣುತ್ತದೆ ಎಂಬುದನ್ನು ಮೊಬೈಲ್ ಫೋಟೋ ಒಂದರಿಂದಲೇ ದಾಖಲಿಸಬಹುದು.

ಫೋಟೋ ಸಮೀಕ್ಷೆ ದೊಡ್ಡ, ಬಣ್ಣದ ದುಂಬಿಗಳಿಗೆ, ಗುಲಗಂಜಿ ಹುಳುಗಳಿಗೆ ಸಾಕಾಗುತ್ತದೆ. ಮೂತಿಹುಳುಗಳಿಗೆ ಸಾಲದು. ಎಲೆಯ ಅಂಚನ್ನು ಕಚ್ಚಿ ತಿನ್ನುವ ಬೂದು ಮೂತಿಹುಳುಗಳಲ್ಲೇ ಒಂದರಂತೆ ಒಂದು ಕಾಣುವ ಜಾತಿಗಳು ಹಲವು. ಗಂಡಿನ ಒಳಅಂಗ ಬಿಡಿಸಿ ನೋಡದೆ ತಜ್ಞರೂ ಎಷ್ಟೋ ಸಲ ಹೆಸರು ಹೇಳಲಾರರು. ಫೋಟೋ ತೆಗೆಯುವುದಾದರೆ ಪಕ್ಕದಿಂದ ಮೂತಿ, ಮೀಸೆ ಕಾಣುವ ಹಾಗೆ ಒಂದು, ಮೇಲಿನಿಂದ ಒಂದು, ತಿಂದ ಎಲೆಯದು ಒಂದು, ಗಿಡದ ಹೂವಿನದು ಒಂದು ಇರಲಿ.

ಹಾಗಾದರೆ ಯಾವುದರಿಂದ ಶುರು?

ಒಬ್ಬರೇ ಇದ್ದೀರಿ, ದುಡ್ಡು ಕಡಿಮೆ, ಮೂತಿಹುಳು ಮುಖ್ಯ ಅಂದರೆ: ಬಟ್ಟೆ-ಕೋಲು ಮತ್ತು ಸಾಕುವ ಡಬ್ಬಿಗಳು. ಮೇ ತಿಂಗಳಲ್ಲಿ ಒಂದು ಸುತ್ತು, ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಇನ್ನೊಂದು ಸುತ್ತು ಬಡಿಯಿರಿ. ಬೇಸಿಗೆಯಲ್ಲಿ ಕಾಯಿ, ಬೀಜ ಆರಿಸಿ. ಇನ್ನೊಬ್ಬರು ಜೊತೆಗಿದ್ದರೆ ದರಕು ಜರಡಿ ಸೇರಿಸಿ. ಶಾಲೆಯ ಗುಂಪಾದರೆ ಗುಂಡಿ ಬಲೆ ಒಳ್ಳೆಯದು, ಮಕ್ಕಳು ಎಣಿಸಬಹುದು. ಒಂದು ದೀಪದ ರಾತ್ರಿ ಅವರ ಖುಷಿಗೆ ಇರಲಿ. ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಡಿ. ಹಿಡಿದದ್ದನ್ನು ವಿಂಗಡಿಸಲು ಆಗದೆ ಬಾಟಲಿಗಳು ಕಪಾಟಿನಲ್ಲಿ ಉಳಿಯುವುದು ಈ ಕೆಲಸದ ದೊಡ್ಡ ದುಃಖ.

ಸಿಕ್ಕ ಜಾತಿಗಳಲ್ಲಿ ಎಷ್ಟೋ ಒಮ್ಮೆ ಮಾತ್ರ ಸಿಗುತ್ತವೆ. ಉಷ್ಣವಲಯದ ದುಂಬಿ ಸಮೀಕ್ಷೆಗಳಲ್ಲಿ ಇದು ಮಾಮೂಲು. ಅದಕ್ಕೆ ಬೇಜಾರು ಬೇಡ. ಆದರೆ ಒಮ್ಮೆ ಕಾಣದ್ದಕ್ಕೆ "ಇಲ್ಲ" ಎಂದು ಬರೆಯಬೇಡಿ. "ಇಷ್ಟು ಬಡಿದರೂ ಸಿಗಲಿಲ್ಲ" ಎಂದು ಬರೆಯಿರಿ.

ಮಾದರಿ ಇಡುವ ಬಗ್ಗೆ ಚುಟುಕಾಗಿ. ಸಣ್ಣ ಹುಳುವನ್ನು ತ್ರಿಕೋನ ಕಾಗದದ ತುದಿಗೆ ಅಂಟಿಸಿ, ದೊಡ್ಡದಕ್ಕೆ ಬಲಗಡೆಯ ಗಟ್ಟಿ ರೆಕ್ಕೆಯ ಮೂಲಕ ಸೂಜಿ. ಊರು, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ, ವಿಧಾನ, ಗಿಡ, ಹಿಡಿದವರ ಹೆಸರು ಎಲ್ಲ ಚೀಟಿಯಲ್ಲಿರಲಿ. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಗೆ ಬೂಷ್ಟು ಹಿಡಿಯುವುದು ಖಂಡಿತ, ಸಿಲಿಕಾ ಜೆಲ್ ಹಾಕಿ ಬಿಗಿಯಾಗಿ ಮುಚ್ಚಿ.

ಕೊನೆಯದು ಅನುಮತಿ. ತೋಟವಾದರೆ ಯಜಮಾನರನ್ನು, ದೇವರಕಾಡಾದರೆ ಊರಿನವರನ್ನು, ಅರಣ್ಯವಾದರೆ ಅರಣ್ಯ ಇಲಾಖೆಯನ್ನು ಕೇಳಿ. ಇಲಾಖೆಯ ಅನುಮತಿ ಬರಹದಲ್ಲಿ ಇರಲಿ. 2008ರಲ್ಲಿ ಡಾರ್ಜಿಲಿಂಗ್ ಸೀಮೆಯ ಸಿಂಗಾಲಿಲ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿ ಇಲ್ಲದೆ ಕೀಟ ಹಿಡಿದ ಇಬ್ಬರು ಚೆಕ್ ಕೀಟತಜ್ಞರ ಬಂಧನವಾಯಿತು. ಮಾದರಿಗಳನ್ನು ಹೊರದೇಶದ ತಜ್ಞರಿಗೆ ಕಳಿಸುವುದಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳು ಅನ್ವಯಿಸುತ್ತವೆ. ಹಾಗಾಗಿ ಮೊದಲು ನಮ್ಮಲ್ಲೇ ಕೇಳಿ ನೋಡಿ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲೂ ಹೆಬ್ಬಾಳದ ಬಳಿಯ ಕೃಷಿ ವಿಶ್ವವಿದ್ಯಾಲಯದಲ್ಲೂ ಕೀಟ ಸಂಗ್ರಹಗಳಿವೆ. ಕೆಲಸ ಶುರುಮಾಡುವ ಮೊದಲೇ ಅಲ್ಲಿಗೊಂದು ಪತ್ರ ಬರೆದು, ಯಾವ ಗುಂಪನ್ನು ನೋಡುವವರು ಇದ್ದಾರೆ ಎಂದು ತಿಳಿದುಕೊಂಡು, ಗುಂಪನ್ನು ಆಮೇಲೆ ಆರಿಸಿ.